ಹಾರ್ಡ್ ಡಿಸ್ಕಿನಲ್ಲಿ ಉಳಿದ ಅಬ್ಬಾನ ದನಿ

ತೊಂಬತ್ತರ ದಶಕದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್‌ನ ಬೀದಿಗಳಲ್ಲಿ ಓಡಾಡಿದವರು ನನ್ನ ಅಬ್ಬಾನ ಮುಖ ಕಂಡಿರಲಿಕ್ಕಿಲ್ಲ. ದನಿಯನ್ನಂತೂ ಕೇಳಿಯೇ ಇರುತ್ತಾರೆ. ಆಟೋ ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡು "ಮಹಾಜನಗಳಲ್ಲಿ ಒಂದು ವಿನಂತಿ" ಎಂದು ಹೊರಡುತ್ತಿದ್ದ ದನಿ ಅದು. ಸೀರೆಗಳ ರಿಯಾಯಿತಿ ಮಾರಾಟ, ನಾಟಕ, ಪೋಲಿಯೋ ಹನಿ, ಕರೆಂಟು ತೆಗೆಯುವ ದಿನ, ತಪ್ಪಿಸಿಕೊಂಡ ಎಮ್ಮೆ, ಎಲ್ಲಕ್ಕೂ ಅವರೇ. ಮನೆಯಲ್ಲಿ ನಮ್ಮದು ಉರ್ದು. ಮೈಕು ಹಿಡಿದರೆ ಮಾತ್ರ ಅಬ್ಬಾ ಎಂಥ ಕನ್ನಡ ಆಡುತ್ತಿದ್ದರೆಂದರೆ, ನಮ್ಮ ಶಾಲೆಯ ಕನ್ನಡ ಮೇಷ್ಟ್ರು "ನಿಮ್ಮಪ್ಪನ್ನ ನೋಡಿ ಕಲಿ" ಎಂದು ಇಡೀ ಕ್ಲಾಸಿನೆದುರು ನನಗೆ ಬೈದಿದ್ದರು. ಊರಿಗೆಲ್ಲ ಬೇಕಾದ ದನಿ ನಮ್ಮ ಪಾಲಿಗೆ ಹಿತ್ತಲ ಗಿಡ. ಅವರು ಬೆಳಗ್ಗೆ ಗಂಟಲು ಸರಿಮಾಡಿಕೊಳ್ಳಲು ಶುರುವಿಟ್ಟರೆ ಅಮ್ಮಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮೊದಲು ಆಟೋದಲ್ಲೇ ಕೂತು ಕೂಗುತ್ತಿದ್ದರು. ಆಮೇಲೆ ಕ್ಯಾಸೆಟ್ ಬಂತು. ನಾನು ತುಮಕೂರಿನ ಬಟವಾಡಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ ಮೇಲೆ ಮರಳೂರಿನ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರೂ ಬಂತು. ಮಧ್ಯಾಹ್ನ ಬೀದಿ ಸ್ವಲ್ಪ ಸುಮ್ಮನಾದಾಗ ಕಿಟಕಿಗಳಿಗೆ ರಜಾಯಿ ನೇತುಹಾಕಿ ನಾನೇ ರೆಕಾರ್ಡ್ ಮಾಡಿ, ಸಿಡಿಗೆ ಹಾಕಿ ಆಟೋದವರಿಗೆ ಕೊಡುತ್ತಿದ್ದೆ. ಸಿಪಿಯುವಿನ ಫ್ಯಾನು ಗೊರಗೊರ ಎನ್ನುತ್ತಿತ್ತಾದ್ದರಿಂದ ಅದನ್ನು ಅಡುಗೆಮನೆಯಲ್ಲಿಟ್ಟು, ಬಾಗಿಲ ಸಂದಿಯಿಂದ ವೈರು ಎಳೆದುಕೊಂಡಿದ್ದೆವು. ಬೆಚ್ಚಗಿರುತ್ತದೆ ಎಂದು ಅಮ್ಮಿ ಅದರ ಮೇಲೆ ಬೆಳ್ಳುಳ್ಳಿ ಒಣಹಾಕುತ್ತಿದ್ದಳು. ನಾನು ಬೈದರೆ, "ದಿನವಿಡೀ ಕರೆಂಟು ಕುಡಿಯುತ್ತಲ್ಲ, ಇಷ್ಟಾದರೂ ಮಾಡಲಿ" ಎನ್ನುತ್ತಿದ್ದಳು.

ಅಬ್ಬಾ ತಮ್ಮ ಕಸುಬಿನಲ್ಲಿ ಒಂದು ನಿಯಮವನ್ನು ಮಾತ್ರ ಎಂದೂ ಮುರಿದವರಲ್ಲ. ಕಾರ್ಯಕ್ರಮ ಮುಗಿದ ದಿನವೇ ಅದರ ಪ್ರಚಾರವನ್ನು ಅಳಿಸಬೇಕು. ಕ್ಯಾಸೆಟ್ ಕಾಲದಲ್ಲಿ ಗುಬ್ಬಿಯಲ್ಲಿ ಒಮ್ಮೆ ಆಟೋದವನು ಹಿಂದಿನ ರಾತ್ರಿಯೇ ಮುಗಿದ ನಾಟಕದ ಕ್ಯಾಸೆಟ್ಟನ್ನು ಗೊತ್ತಿಲ್ಲದೆ ಮರುದಿನವೂ ಹಾಕಿಬಿಟ್ಟಿದ್ದ. ಸಂಜೆಗೆ ಹಳ್ಳಿಗಳಿಂದ ಹೆಂಗಸರು ಮಕ್ಕಳು ಹೊಸ ಬಟ್ಟೆ ತೊಟ್ಟು ಟ್ರ್ಯಾಕ್ಟರ್‌ನಲ್ಲಿ ಬಂದಿಳಿದರೆ, ಅಲ್ಲಿದ್ದದ್ದು ಕಿತ್ತ ಚಪ್ಪರದ ಗುಂಡಿಗಳು. ಅಬ್ಬಾ ಹೋಗಿ ಪ್ರತಿಯೊಬ್ಬರಿಗೂ ಕೈಮುಗಿದರಂತೆ. ಅಂದಿನಿಂದ "ಮುಗಿದದ್ದು ಸುಳ್ಳಾಗುತ್ತೆ ಮಗಳೇ, ಇಟ್ಕೋಬಾರದು" ಎನ್ನುತ್ತಿದ್ದರು. ರೆಕಾರ್ಡಾದದ್ದೆಲ್ಲ ವಾರದೊಳಗೆ ನನ್ನ ಕೈಯಿಂದಲೇ ಅಳಿದುಹೋಗುತ್ತಿತ್ತು.

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೆ ಅವರ ದನಿ ಒಡೆಯತೊಡಗಿತು. ಕೂಗಿ ಕೂಗಿ ಹೀಗಾಗಿದೆ ಎಂದು ಜ್ಯೇಷ್ಠಮಧು ಅಗಿದರು, ಅರಿಶಿನದ ಹಾಲು ಕುಡಿದರು. ಬೆಂಗಳೂರಿನ ಡಾಕ್ಟರು ಗಂಟಲಿನ ಕ್ಯಾನ್ಸರ್ ಎಂದರು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಕುತ್ತಿಗೆಯಲ್ಲೊಂದು ತೂತು ಉಳಿಯಿತು, ಉಸಿರಾಟ ಅಲ್ಲಿಂದಲೇ. ಜೀವ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನೂ ಹೇಳಿದೆ. ಅಬ್ಬಾ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಲಿತರು. ಯಾರೇ ಮನೆಗೆ ಬಂದರೂ ಎದ್ದು ಒಳಗೆ ಹೋಗುತ್ತಿದ್ದರು. ಕಂಪ್ಯೂಟರು ಹಳೆ ಬೆಡ್‌ಶೀಟಿನಲ್ಲಿ ಗಂಟಾಗಿ ಅಟ್ಟ ಸೇರಿತು.

ವರ್ಷ ಕಳೆದಿರಬೇಕು. ಒಂದು ದಿನ ಅಕ್ಕಿ ಆರಿಸುತ್ತಿದ್ದ ಅಮ್ಮಿ ಕೈ ನಿಲ್ಲಿಸಿ ಮೆಲ್ಲಗೆ ಹೇಳಿದಳು: "ಅವರ ದನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ತೀನಿ, ಬರ್ತಾನೇ ಇಲ್ಲ ಕಣೇ." ನಾನೂ ನೆನಪಿಸಿಕೊಂಡು ನೋಡಿದೆ. ನನಗೂ ಬರುತ್ತಿರಲಿಲ್ಲ. ಅವರ ಮಾತುಗಳೆಲ್ಲ ನೆನಪಿದ್ದವು, ದನಿ ಮಾತ್ರ ಜಾರಿಹೋಗಿತ್ತು. ಅವತ್ತೇ ಹುಡುಕತೊಡಗಿದೆ. ಕ್ಯಾಸೆಟ್ಟುಗಳ ಮೇಲೆ ಇನ್ಯಾವುದೋ ತುಂಬಿತ್ತು. ಆಟೋದವರ ಬಳಿಯಿದ್ದ ಸಿಡಿಗಳು ಗೀರುಬಿದ್ದು ಎಂದೋ ಕಸ ಸೇರಿದ್ದವು. ನನ್ನ ಮದುವೆಯ ವಿಡಿಯೋದಲ್ಲಿ ಅಬ್ಬಾ ಎಲ್ಲರೊಡನೆ ಮಾತಾಡುತ್ತಾರೆ, ಆದರೆ ಪುಣ್ಯಾತ್ಮ ವಿಡಿಯೋದವನು ಅದರ ಮೇಲೆ ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದ. ಉಳಿದದ್ದು ಅಟ್ಟದ ಮೇಲಿನ ಗಂಟು.

ಕಂಪ್ಯೂಟರು ಆನ್ ಆಗಲಿಲ್ಲ. ಆಟೋದಲ್ಲಿ ಹಾಕಿಕೊಂಡು ಬಟವಾಡಿಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮುಚ್ಚಳ ಬಿಚ್ಚಿದವನೇ ಮೂಗು ಅರಳಿಸಿದ.

"ಏನ್ ಮೇಡಂ ಇದು, ಒಳಗೆಲ್ಲಾ ಬೆಳ್ಳುಳ್ಳಿ ಸಿಪ್ಪೆ! ಇದ್ರಲ್ಲೇ ಮಸಾಲೆ ರುಬ್ತಿದ್ರಾ?"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಬ್ಬಾನ ವಿಷಯ ಹೇಳಿದೆ. ಅವನ ಮುಖ ಸ್ವಲ್ಪ ಇಳಿಯಿತು. "ಬೋರ್ಡ್ ಸುಟ್ಟೋಗಿದೆ. ಡಿಸ್ಕ್ ಬಿಚ್ಚಿ ನನ್ ಸಿಸ್ಟಂಗೆ ಹಾಕಿ ನೋಡ್ತೀನಿ. ಅಳ್ಸಿರೋದ್ ಮೇಲೆ ಆಸೆ ಇಟ್ಕೋಬೇಡಿ, ಅದ್ರ ಮೇಲೆ ಎಷ್ಟ್ ಸಲ ಬರ್ದಿದೀರೋ ಏನೋ" ಎಂದ. ಅಳಿಸಿದ ಫೈಲು ಕೂಡಲೇ ಹೋಗುವುದಿಲ್ಲವಂತೆ. ಅದರ ಜಾಗಕ್ಕೆ ಇನ್ನೊಂದು ಬಂದು ಕೂತಾಗಲೇ ಹೋಗುವುದಂತೆ. ನಮ್ಮದು ಪುಟ್ಟ ಡಿಸ್ಕು, ವಾರವಾರವೂ ಹೊಸದು ಬಂದು ಕೂರುತ್ತಲೇ ಇತ್ತು.

ಮರುದಿನ ಹೋದಾಗ ಅವನು ಹೆಡ್‌ಫೋನ್ ಕೊಟ್ಟ. ಸಾಫ್ಟ್‌ವೇರ್ ಹಾಕಿ ಮೇಲೆತ್ತಿದ ಫೈಲುಗಳು ನೂರಾರಿದ್ದವು. ಮೊದಲನೆಯದರಲ್ಲಿ ಕರಕರ ಸದ್ದು. ಎರಡನೆಯದರಲ್ಲಿ "ಮಹಾ" ಎಂಬಷ್ಟೇ, ಆಮೇಲೆ ಮತ್ತೆ ಕರಕರ. ಒಂದರಲ್ಲಿ ಸೀರೆ ಅರ್ಧಕ್ಕೆ ನಿಂತು ಪೋಲಿಯೋ ಹನಿ ಶುರುವಾಗುತ್ತಿತ್ತು. ತಡೆಯಲಾಗದೆ ಅಂಗಡಿಯಲ್ಲೇ ಅತ್ತೆ. ಅಬ್ಬಾ ಇಷ್ಟು ನಿಯತ್ತಿನ ಮನುಷ್ಯ ಆಗಬಾರದಿತ್ತು ಎನ್ನಿಸಿ ಅವರ ಮೇಲೇ ಸಿಟ್ಟು ಬಂತು. ಆಗ ಅಂಗಡಿಯವನು, "ಇದೊಂದ್ ಅಳ್ಸೇ ಇಲ್ಲ ಮೇಡಂ, ಬೇರೆ ಫೋಲ್ಡರಲ್ಲಿದೆ" ಎಂದು ಒತ್ತಿದ.

"ಮಹಾಜನಗಳಲ್ಲಿ ಒಂದು ವಿನಂತಿ. ಕುಣಿಗಲ್ ಸಂತೆಗೆ ಬಂದಿದ್ದ ಹಿರಿಯರೊಬ್ಬರು ಮನೆಗೆ ಮರಳಿಲ್ಲ. ಬಿಳಿ ಪಂಚೆ, ನೀಲಿ ಗೆರೆಯ ಅಂಗಿ, ಹೆಗಲ ಮೇಲೆ ಕೆಂಪು ಟವೆಲು ಇರುತ್ತದೆ. ಎಡಗಿವಿ ಕೇಳಿಸುವುದಿಲ್ಲ. ಎಲ್ಲಾದರೂ ಕಂಡರೆ ದಯವಿಟ್ಟು ಬಲಗಡೆ ನಿಂತು ಮಾತನಾಡಿಸಿ. ಮನೆಯವರು ಕಾಯುತ್ತಿದ್ದಾರೆಂದು ತಿಳಿಸಿ."

ಆ ಹಿರಿಯರ ಹೆಸರೂ ಊರೂ ಅದರಲ್ಲಿವೆ, ಇಲ್ಲಿ ಬೇಡ. ಕೇಳುತ್ತ ಕೇಳುತ್ತ ಎಲ್ಲ ನೆನಪಾಯಿತು. ಅವರ ಹೆಂಡತಿ ಒಬ್ಬರೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದಿದ್ದರು. ಕಿವಿಯ ಸಂಗತಿಯನ್ನು ಹೋಗುವಾಗ ಬಾಗಿಲಲ್ಲಿ ಹೇಳಿದ್ದರು, ಅಬ್ಬಾ ಅದನ್ನೂ ಸೇರಿಸಿದ್ದರು. ವಾರ ಕಳೆದು ನಾನು ಅಳಿಸಲು ಹೋದಾಗ ಕೈ ತಡೆದು, "ಅವರು ಸಿಗೋವರೆಗೂ ಅದು ಮುಗಿದಿಲ್ಲ" ಎಂದಿದ್ದರು. ನಾನು ಬೇರೆ ಕಡೆ ತೆಗೆದಿಟ್ಟು ಮರೆತಿದ್ದೆ.

ಅದನ್ನು ಸಿಡಿಗೆ ಹಾಕಿಸಿಕೊಂಡು ಬಂದು ಮನೆಯಲ್ಲಿ ಹಚ್ಚಿದೆ. "ಮಹಾಜನಗಳಲ್ಲಿ" ಎನ್ನುತ್ತಿದ್ದಂತೆ ಅಮ್ಮಿ ಒದ್ದೆ ಕೈಯಲ್ಲೇ ಓಡಿ ಬಂದಳು. ಸೆರಗು ಬಾಯಿಗೊತ್ತಿಕೊಂಡು ಗೋಡೆಗೊರಗಿ ನಿಂತಳು. "ಇವರೇ, ಇವರೇ" ಎನ್ನುವುದೊಂದೇ ಅವಳ ಬಾಯಲ್ಲಿ. ಅಬ್ಬಾ ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿದರು. ಅವರು ಅಳುತ್ತಾರೆಂದುಕೊಂಡಿದ್ದೆ. ಅವರು ಅಳಲಿಲ್ಲ. ಹುಬ್ಬು ಗಂಟುಹಾಕಿ ಕೊನೆಯವರೆಗೂ ಕೇಳಿ, ಎದ್ದು ಕೂತು, ನನ್ನತ್ತ ಕೈ ತಿರುಗಿಸಿ ಕೇಳಿದರು: ಸಿಕ್ಕಿದರಾ? ನನಗೆ ಗೊತ್ತಿಲ್ಲ ಎಂದೆ. ಎರಡೂ ಮುಷ್ಟಿ ಹಿಡಿದು ಗಾಳಿಯಲ್ಲಿ ಆಟೋ ಹ್ಯಾಂಡಲ್ ತಿರುಗಿಸಿ ತೋರಿಸಿದರು. ಆಪರೇಷನ್ ಆದ ಮೇಲೆ ಅವರಾಗಿ ಹೊರಗೆ ಹೊರಡುತ್ತೇನೆಂದದ್ದು ಅದೇ ಮೊದಲು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಸಂತೆಯ ದಿನವೇ ಲೌಡ್‌ಸ್ಪೀಕರ್ ಕಟ್ಟಿದ ಆಟೋ ಮಾಡಿಕೊಂಡು, ಆ ಸಿಡಿ ಹಾಕಿಸಿ ಕುಣಿಗಲ್‌ಗೆ ಹೋದೆವು. ಅಬ್ಬಾ ಹಳೆಯ ಜಾಗದಲ್ಲೇ, ಡ್ರೈವರ್ ಪಕ್ಕದಲ್ಲಿ ಕೂತಿದ್ದರು. ನಾನು ಹಿಂದೆ. ದನಿ ಬೀದಿಗೆ ಬೀಳುತ್ತಲೇ ತರಕಾರಿಯವರು ತಲೆಯೆತ್ತಿದರು. ಟೀ ಅಂಗಡಿಯವನೊಬ್ಬ, "ಅಯ್ ಸಾಬ್ರು ಬಂದವ್ರೆ ಕಣೋ! ಮಾತು ಬಂತಾ ಸಾಬ್ರೇ?" ಎಂದು ಕೂಗಿದ. ಅಬ್ಬಾ ಇಲ್ಲವೆಂದು ತಲೆಯಲ್ಲಾಡಿಸಿ, ನೆತ್ತಿಯ ಮೇಲಿನ ಲೌಡ್‌ಸ್ಪೀಕರ್ ಕಡೆಗೆ ಬೆರಳು ತೋರಿಸಿದರು.

ಸಂತೆಯಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಅಲ್ಲಿಂದ ಆ ಹಿರಿಯರ ಊರಿನ ದಾರಿ ಹಿಡಿದೆವು. ತೆಂಗಿನ ತೋಟ ದಾಟಿ ಮೊದಲ ಮನೆ ಬರುವಷ್ಟರಲ್ಲಿ ರಾಗಿ ಕೇರುತ್ತಿದ್ದ ಹೆಂಗಸೊಬ್ಬರು ಮೊರ ಹಿಡಿದುಕೊಂಡೇ ದಾರಿಗೆ ಬಂದರು. ಅವರೇ. ಅಂದು ನಮ್ಮ ಮನೆಗೆ ಬಂದಿದ್ದಾಗ ಇದ್ದ ಕುಂಕುಮ ಈಗ ಹಣೆಯಲ್ಲಿರಲಿಲ್ಲ. ಡ್ರೈವರು ಗಡಬಡಿಸಿ ಸಿಡಿ ನಿಲ್ಲಿಸಿದ.

"ಅವ್ರು ಸಿಕ್ಕಿದ್ರು ಸಾಬ್ರೇ," ಎಂದರು ಆಕೆ. "ಆ ವರ್ಷಾನೇ, ಕೆರೆ ಹಿಂದ್ಗಡೆ. ಜೀವ ಇರ್ಲಿಲ್ಲ. ತಿಥಿ ಗಡಿಬಿಡೀಲಿ ನಿಮಗೆ ಹೇಳಿ ಕಳಿಸ್ನಿಲ್ಲ. ನೀವಿನ್ನೂ ಹುಡುಕ್ತಾನೇ ಇದೀರಾ?"

ಹಾಗಾದರೆ ಅದೂ ಮುಗಿದಿತ್ತು. ಇನ್ನು ಅದನ್ನು ಹಾಕುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ನಮಗೆ ಇಡಿಯಾಗಿ ಉಳಿದಿದ್ದ ದನಿ ಅದೊಂದೇ. ಅಬ್ಬಾ ಅಳಿಸು ಎಂದರೆ ಈ ಸಲ ನಾನು ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತೆ.

ಅಬ್ಬಾ ಇಳಿದು ಕೈಮುಗಿದರು. ಏನೋ ಹೇಳಲು ತುಟಿಗಳು ಅಲುಗಿದವು. ಮಫ್ಲರಿನ ಕೆಳಗಿನಿಂದ ಬರೀ ಗಾಳಿ ಬಂತು. ಆಕೆ ಅವರ ಕುತ್ತಿಗೆಯನ್ನು ನೋಡಿದರು, ಆಟೋದ ಮೇಲಿನ ಲೌಡ್‌ಸ್ಪೀಕರನ್ನು ನೋಡಿದರು, ಮೊರವನ್ನು ಕೆಳಗಿಟ್ಟರು.

"ಗೊತ್ತಾಯ್ತು ಬುಡಿ," ಎಂದರು. "ಇನ್ನೊಂದ್ ಸಲ ಹಾಕಿ ಸಾಬ್ರೇ. ಇಬ್ರೂ ಕೇಳಣ."

ಡ್ರೈವರು ನನ್ನ ಮುಖ ನೋಡಿದ. ಅಷ್ಟರಲ್ಲಿ ಅಬ್ಬಾ ತಾವೇ ಒಳಗೆ ಕೈ ಚಾಚಿ ಬಟನ್ ಒತ್ತಿದರು.