ಎಂಟನೆಯ ವಚನ ಎರಡು ಸಲ

ಪ್ಲಾಸ್ಟಿಕ್ ಕುರ್ಚಿ ನೆಲದ ಮೇಲೆ ಎಳೆದ ಸದ್ದಾದರೆ ಈಗಲೂ ನಾನು ಒಳಗೆ ಸರಿದುಬಿಡುತ್ತೇನೆ. ಇವತ್ತು ಮಧ್ಯಾಹ್ನ ಸೊಸೆ ನಡುಮನೆಯಲ್ಲಿ ಕುರ್ಚಿಗಳನ್ನು ಸುತ್ತ ಹಾಕುತ್ತಿದ್ದಳು. ಸಂಜೆ ಕೋಡಂಬಾಕ್ಕಂನ ನಮ್ಮ ಮನೆಯಲ್ಲಿ ಸಭೆಯವರ ಪ್ರಾರ್ಥನೆ. ನಾನು ಬೆಳ್ಳುಳ್ಳಿ ಸುಲಿಯುವ ನೆವದಲ್ಲಿ ಅಡುಗೆಮನೆಯಲ್ಲೇ ಕೂತಿದ್ದೆ. ಈ ವಯಸ್ಸಿನಲ್ಲಿ ಕುರ್ಚಿಯ ಭಯವೇ ಎಂದು ನೀವು ನಗಬಹುದು. ನಕ್ಕರೂ ಸರಿ, ಕೇಳಿ.

ನಮ್ಮ ಕನ್ನಡ ಸಭೆ ಚಿಕ್ಕದು. ವಾರಕ್ಕೊಬ್ಬರ ಮನೆಯಲ್ಲಿ ಸೇರುತ್ತೇವೆ. ಸತ್ಯವೇದದ, ಅಂದರೆ ಬೈಬಲಿನ, ಒಂದು ಅಧ್ಯಾಯ ತೆಗೆದು, ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ವಚನ ಓದುವುದು ಪದ್ಧತಿ. ಓದು ಬಂದವರಿಗೆ ಅದು ಸುಲಿದ ಬಾಳೆಹಣ್ಣು. ನನಗೆ ಬರುತ್ತಿರಲಿಲ್ಲ. ತಮ್ಮನನ್ನು ಎತ್ತಿಕೊಳ್ಳಲು ಆಳಿಲ್ಲವೆಂದು ಅವ್ವ ನನ್ನನ್ನು ಒಂದನೇ ಕ್ಲಾಸಿನ ನಡುವೆಯೇ ಬಿಡಿಸಿದಳು. ನನ್ನ ಹೆಸರು ಬಿಟ್ಟರೆ ಉಳಿದ ಅಕ್ಷರವೆಲ್ಲ ಇರುವೆ ಸಾಲು. ಯಜಮಾನರಿಗೆ ರೈಲ್ವೆ ಕೆಲಸವಾಗಿ ಈ ತಮಿಳು ಊರಿಗೆ ಬಂದಾಗ, ಸಭೆಯ ಹೆಂಗಸರಲ್ಲಿ ಅರ್ಧ ಜನ ಬ್ಯಾಂಕಿನವರು, ಟೀಚರುಗಳು. ಅವರೆದುರು ಹೇಳಲು ಬಾಯಿ ಬರಲಿಲ್ಲ. ಮೊದಲ ದಿನ ಹೇಳದೆ ಹೋದದ್ದು ಹತ್ತನೆಯ ವರ್ಷ ಹೇಳಲಾಗುತ್ತದೆಯೇ?

ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೆ. ಅಧ್ಯಾಯ ಯಾವುದೆಂದು ಭಾನುವಾರವೇ ಗೊತ್ತಾಗುತ್ತಿತ್ತು. ಯಜಮಾನರು ಅದರ ಎಂಟನೆಯ ವಚನ ಓದಿ ಹೇಳುವರು, ನಾನು ಬಾಯಿಪಾಠ ಮಾಡುವೆ. ಬೇಗ ಹೋಗಿ, ಪಾಸ್ಟರ್ ಕುರ್ಚಿಯಿಂದ ಎಣಿಸಿ, ಎಂಟನೆಯದರಲ್ಲಿ ಕೂತುಬಿಡುವೆ. ಎಣಿಕೆ ಹೆಚ್ಚುಕಡಿಮೆಯಾದರೆ ಕನ್ನಡಕ ಮರೆತು ಬಂದೆ ಎನ್ನುವೆ.

"ಇಷ್ಟು ಲೆಕ್ಕ ಹಾಕೋ ತಲೆಗೆ ಅಕ್ಷರ ಕಲಿಯಕ್ಕೇನು ರೋಗ?" ಎನ್ನುತ್ತಿದ್ದರು ಯಜಮಾನರು.

"ನೀವು ಬಾಯಿ ಮುಚ್ಕೊಂಡಿದ್ರೆ ಸಾಕು" ಎನ್ನುತ್ತಿದ್ದೆ.

ಜನಕ್ಕೆ ಹೆದರಿದ್ದು ಒಂದು ಪಾಲಾದರೆ ದೇವರಿಗೆ ಹೆದರಿದ್ದು ಎರಡು ಪಾಲು. ಅವನ ಮಾತನ್ನೇ ಕೈಯಲ್ಲಿ ಹಿಡಿದು ಓದಿದಂತೆ ನಟಿಸುತ್ತಿದ್ದೆನಲ್ಲ.

ಒಂದು ಸಲ ಅಣ್ಣಾ ನಗರದ ಪ್ರೇಮಕ್ಕನ ಮನೆಯಲ್ಲಿ ಸೇರಿದೆವು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಗಟ್ಟಿ ಹೆಂಗಸು. ಮಾರನೆಯ ದಿನ ಅವಳಿಗೆ ಹೃದಯದ ಆಪರೇಷನ್. "ನಂಗೇನು ಭಯ ಇಲ್ಲಪ್ಪ, ದೇವರಿದಾನೆ" ಎಂದು ಬಂದವರಿಗೆಲ್ಲ ಹೇಳುತ್ತ ದಿಂಬಿಗೊರಗಿ ಕೂತಿದ್ದಳು. ಅಧ್ಯಾಯ ಅವಳೇ ಆರಿಸಿದ್ದು. ಮೈಯಲ್ಲಿ ಮುಳ್ಳು ನೆಟ್ಟಂಥ ನೋವಿದ್ದ ಒಬ್ಬ ಅಪೊಸ್ತಲ, ಸುವಾರ್ತೆ ಸಾರುತ್ತಿದ್ದವನು, ಅದನ್ನು ತೆಗೆದುಬಿಡೆಂದು ಕರ್ತನಾದ ದೇವರಿಗೆ ಮೂರು ಸಲ ಮೊರೆಯಿಟ್ಟ ಸಂಗತಿ. ಮೊರೆ ಎಂಟನೆಯ ವಚನದಲ್ಲಿ. ಕರ್ತನ ಉತ್ತರ ಒಂಬತ್ತನೆಯದರಲ್ಲಿ.

ಪಾಸ್ಟರ್ ಮೊದಲ ವಚನ ಓದುತ್ತಿದ್ದರು. ಆಗ ವೇಲಚೇರಿಯ ಸುಂದರಣ್ಣ ಒದ್ದೆ ಪ್ಯಾಂಟಿನಲ್ಲಿ ಬಂದ. "ಸಾರಿ ಅಯ್ಯಾ, ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು" ಎಂದು ಪಾಸ್ಟರ್ ಪಕ್ಕದಲ್ಲೇ ಸ್ಟೂಲ್ ಎಳೆದು ಕೂತ. ನಾನು ಗಮನಿಸಲಿಲ್ಲ. ಕಣ್ಣು ಮುಚ್ಚಿ ನನ್ನ ವಚನವನ್ನೇ ಒಳಗೊಳಗೆ ಅರೆಯುತ್ತಿದ್ದೆ. ಭಯದಲ್ಲಿ ಕಿವಿಯೂ ಮುಚ್ಚಿಹೋಗುತ್ತದೆ. ಪಕ್ಕದವಳು ಮೊಣಕೈಯಲ್ಲಿ ತಿವಿದಾಗ ಒಂದೇ ಉಸಿರಿಗೆ ಎಂಟನೆಯದನ್ನು ಒಪ್ಪಿಸಿಬಿಟ್ಟೆ.

ಪಕ್ಕದವಳು ಆಗಷ್ಟೇ ಓದಿದ್ದು ಅದನ್ನೇ. ಸುಂದರಣ್ಣ ನಡುವೆ ಸೇರಿದ್ದರಿಂದ ನಾನು ಒಂಬತ್ತನೆಯವಳಾಗಿದ್ದೆ.

"ಅದಾಯ್ತಲ್ಲೇ, ಮುಂದಿನದು ಓದು" ಎಂದಳು ಪ್ರೇಮಕ್ಕ. ದನಿ ಅವಳದ್ದಲ್ಲ ಅನ್ನಿಸುವಷ್ಟು ಸಣ್ಣಗಿತ್ತು. ಆ ಉತ್ತರ ಕೇಳಲೆಂದೇ ಅವಳು ಕಾದಿದ್ದಳು. ಅದು ನನ್ನ ತೊಡೆಯ ಮೇಲಿನ ಪುಸ್ತಕದಲ್ಲಿ, ನನ್ನ ಕಣ್ಣೆದುರೇ ಇತ್ತು. ನನಗೆ ಅದು ಇರುವೆ ಸಾಲು. ಕನ್ನಡಕ ಮೂಗಿನ ಮೇಲೇ ಇತ್ತು, ಆ ಸುಳ್ಳಿಗೂ ದಾರಿಯಿಲ್ಲ.

"ನಂಗೆ ಓದಕ್ಕೆ ಬರಲ್ಲ, ಅಕ್ಕ. ಯಾವತ್ತೂ ಬಂದಿಲ್ಲ."

ನೆಲ ಬಿರಿದು ನನ್ನನ್ನು ನುಂಗಬಾರದೇ ಎಂದುಕೊಂಡೆ. ಪ್ರೇಮಕ್ಕ ನನ್ನನ್ನೇ ನೋಡಿದಳು. ಆಮೇಲೆ ದಿಂಬು ಬಿಟ್ಟು ಮುಂದಕ್ಕೆ ಬಾಗಿದಳು.

"ನಂಗೂ ಧೈರ್ಯ ಇಲ್ಲ ಕಣೇ. ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ. ಸುಮ್ನೆ ಎಲ್ಲರ್ಗೂ ಹೇಳ್ತಿದ್ದೆ. ಹತ್ರ ಬಾ."

ಹೋಗಿ ಕೈ ಹಿಡಿದೆ. ಎರಡು ಕೈಯೂ ಐಸಿನಂತಿದ್ದವು. ಒಂಬತ್ತನೆಯದನ್ನು ಪಾಸ್ಟರೇ ಓದಿದರು. ನನ್ನ ಕೃಪೆ ಸಾಕು, ನೀನು ಸೋತ ಜಾಗದಲ್ಲೇ ನನ್ನ ಬಲ ಎನ್ನುವ ಅರ್ಥದ ಮಾತು. ಅದಕ್ಕೂ ಮೊದಲು ಎಷ್ಟೋ ಸಲ ಕೇಳಿದ್ದೆ, ಬಲವಿದ್ದವರಿಗೆ ಹೇಳಿದ್ದು ಎಂದುಕೊಂಡಿದ್ದೆ. ಕೃಪೆಯೆಂದರೆ ಏನೆಂದು ನನ್ನನ್ನು ಕೇಳಬೇಡಿ, ವಿವರಿಸಲು ಬಾರದು. ಅವತ್ತು ಭಯ ಹೋಗಲಿಲ್ಲ. ಇಬ್ಬರೂ ಕೂಡಿಯೇ ನಡುಗಿದೆವು, ಬೀಳಲಿಲ್ಲ. ಅಷ್ಟೇ.

ಪ್ರೇಮಕ್ಕ ಬದುಕಿ ಬಂದಳು. ಎದೆಯ ಹೊಲಿಗೆ ಮಾಯುವ ಮುಂಚೆಯೇ ಸ್ಲೇಟು ತರಿಸಿ ನನಗೆ ಅ ಆ ಹಿಡಿಸಿದಳು. ಗುಮಾಸ್ತರನ್ನು ಗದರಿದಂತೆಯೇ ನನ್ನನ್ನೂ ಗದರಿದಳು. ಇದನ್ನು ಬರೆಯುತ್ತಿರುವುದು ಆ ಗದರಿಕೆಯ ಫಲ.

ಇವತ್ತು ಸಂಜೆ ಎಲ್ಲರೂ ಬಂದರು. ನನ್ನ ಸರದಿಯೂ ಬಂತು. ಎರಡು ಪದ ದಾಟಿದೆ, ಮೂರನೆಯದರಲ್ಲಿ ಒತ್ತಕ್ಷರ ಸಿಕ್ಕಿ ನಿಂತುಬಿಟ್ಟೆ. ಯಾರೂ ಹೇಳಿಕೊಡಲಿಲ್ಲ, ಕಾದರು.

"ನಿಧಾನಕ್ಕೆ ಓದೇ" ಎಂದಳು ಎದುರು ಕೂತಿದ್ದ ಪ್ರೇಮಕ್ಕ, "ನಿನ್ನ ಸೊಸೆ ಇನ್ನೂ ಕಾಫಿಗೆ ನೀರೇ ಇಟ್ಟಿಲ್ಲ."

ಬೆರಳನ್ನು ಆ ಅಕ್ಷರದ ಕೆಳಗೇ ಊರಿಕೊಂಡು ಮುಂದಕ್ಕೆ ಹೋದೆ.