ಸಾಸಿವೆ ಗಾತ್ರದ ನಿಂಬೆಹಣ್ಣು

ಅಂಗೈ ಮೇಲೆ ನಿಲ್ಲೋ ಪುಟಾಣಿ ಅಂಬಾಸಿಡರ್ ಕಾರ್ ಮಾಡೋದ್ರಲ್ಲಿ ನಂಜನಗೂಡು ಸೀಮೇಲಿ ನನ್ನ ಮೀರಿಸೋರಿಲ್ಲ ಕಣ್ರೀ. ನನ್ನ ಕಾರಿನ ಹಾರನ್ನಿಗೆ ಪಕ್ಕದ ಕಳಲೆ ಊರಿನ ಎಮ್ಮೆಗಳೇ ದಾರಿ ಬಿಟ್ಟಿವೆ. ಅಂಥದ್ರಲ್ಲಿ ಟಿ. ನರಸೀಪುರದಲ್ಲಿ ರೈಸ್ ಮಿಲ್ ಯಜಮಾನ್ರೊಬ್ರು ನನಗಿಂತ ಚೆನ್ನಾಗಿ ಮಾಡ್ತಾರೆ ಅಂತ ಯಾರೋ ಅಂದ್ರು. ಹೊಟ್ಟೆಗೆ ಬೆಂಕಿ ಬಿತ್ತು. ಒಂದು ತಪ್ಪಾದ್ರೂ ಹಿಡಿದೇ ಬರ್ತೀನಿ ಅಂತ ಭೂತಗನ್ನಡಿ ಜೇಬಿಗೆ ಹಾಕ್ಕೊಂಡು ಬಸ್ ಹತ್ತಿದೆ.

ಯಜಮಾನ್ರು ಕಾರನ್ನ ಮೇಜಿನ ಮೇಲೆ ತಂದಿಟ್ರು. ಬಾನೆಟ್ಟಿಗೆ ಕುಂಕುಮ, ಬಂಪರಿಗೆ ಹಾರ. ಅದನ್ನ ನೋಡ್ತಿದ್ರೆ ನನ್ನ ಎದೆ ಮೇಲೇ ಹತ್ತಿಸಿದಂಗಾಯ್ತು. ಕೊನೆಗೆ ಚಕ್ರದ ಕೆಳಗೆ ಹಳದಿ ಚುಕ್ಕಿ ಕಾಣಿಸ್ತು.

"ಇದೇನ್ರೀ, ಬಣ್ಣ ಸೋರಿದೆ?" ಅಂದೆ ಖುಷಿಯಾಗಿ.

"ಅಲ್ಲ ಸಾ, ನಿಂಬೆಹಣ್ಣು. ಹೊಸ ಗಾಡೀನ ಪೂಜೆ ಮಾಡ್ದೆ ಹೊರಡಿಸಕ್ಕಾಗುತ್ತಾ? ಸಾಸಿವೆಗೆ ಹಳದಿ ಬಣ್ಣ ಹಚ್ಚಿ ಇಟ್ಟಿದೀನಿ."

ನನಗ್ಯಾಕೆ ಇದು ಹೊಳೀಲಿಲ್ಲ ಅಂತ ಮೈಯೆಲ್ಲಾ ಉರಿದುಹೋಯ್ತು.

"ಸಾಸಿವೆ ಇಟ್ರೆ ಪೂಜೆ ಆಗುತ್ತೇನ್ರೀ? ನಾನು ನಿಜವಾದ ನಿಂಬೆಹಣ್ಣೇ ಇಡೋದು. ನಮ್ಮ ಹಿತ್ತಲ ಕುಂಡದಲ್ಲಿ ಸಾಸಿವೆ ಗಾತ್ರದ್ದೇ ಬಿಡುತ್ತೆ," ಅಂದುಬಿಟ್ಟೆ.

ನಗ್ತಾರೆ ಅಂದ್ಕೊಂಡೆ. ಯಜಮಾನ್ರು ಎದ್ದು ನನ್ನ ಎರಡೂ ಕೈ ಹಿಡ್ಕೊಂಡ್ರು. "ನೀವೇ ದೊಡ್ಡೋರು ಸಾ! ನನಗೆ ಇಂಥದ್ದು ತಲೆಗೇ ಬರಲಿಲ್ಲ. ಭಾನುವಾರ ನಿಮ್ಮೂರಿಗೆ ಬತ್ತೀನಿ, ಆ ಗಿಡ ತೋರಿಸ್ಲೇಬೇಕು."

ಗೆದ್ದೆ ಅಂತ ಬೀಗ್ತಾ ಊರಿಗೆ ಬಂದೆ.

ನಾಳೆ ಭಾನುವಾರ. ಗಿಡಾನ ಮೇಕೆ ತಿಂದುಬಿಡ್ತು ಅನ್ನೋಣ ಅಂತ ತೀರ್ಮಾನ ಮಾಡಿದೀನಿ. ಬೆಳಗ್ಗೆಯಿಂದ ಮೇಕೆ ಹುಡುಕ್ತಾ ಇದೀನಿ.