ಬಾಲದಕ್ಕನ ತಲೆಬಿಸಿ

ಬೆಳಗಿನ ಐದೂವರೆ. ನದಿದಂಡೆಯ ಮೀನುಕಟ್ಟೆಯಲ್ಲಿ ಬುಟ್ಟಿ ಮಗುಚಿದ್ದೇ ತಡ, ಬಾಲದಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ತಟ್ಟೆಯಂತೆ ಚಪ್ಪಟೆಯಾದ ಹದಿನಾಲ್ಕು ತೊರಕೆ ಮೀನು. ಒಂದಕ್ಕೂ ಬಾಲವಿಲ್ಲ.

"ಮತ್ತೆ ಕಡ್ಕೊಂಡು ಬಂದ್ರಾ? ಎಷ್ಟು ಸಲ ಬಾಯಿ ಬಡ್ಕೊಳ್ಳಲಿ ನಾನು?"

ಮೀನುಗಾರರು ನಗುತ್ತಾರೆ. ಆಕೆಗೆ ಈ ಹೆಸರಿಟ್ಟವರೂ ಅವರೇ. ಮೀನುಗಾರಿಕೆ ಕಚೇರಿಯ ಹಾಜರಿ ಪುಸ್ತಕದಲ್ಲಿ ಆಕೆ ಬರೀ ಸಹಾಯಕಿ. ಸಿಹಿನೀರಿನ ತೊರಕೆಗಳನ್ನು ಮೈಗುರುತು ನೋಡಿ ಜಾತಿವಾರು ಬೇರ್ಪಡಿಸುವ ಕೆಲಸಕ್ಕೆ ಹನ್ನೊಂದು ವರ್ಷವಾಯಿತು. ದಿನಕ್ಕೆ ಮೂವತ್ತು ನಲವತ್ತು ಮೀನು. ಮೈಯ ಅಗಲ, ಬೆನ್ನಿನ ಚುಕ್ಕೆ, ಬಾಯೊಳಗಿನ ಹಲ್ಲು, ಎಲ್ಲವನ್ನೂ ಅಳೆದು ಎಣಿಸಿ ಬರೆಯಬೇಕು. ಮಂಜುಗಡ್ಡೆ ಮುಟ್ಟಿ ಮುಟ್ಟಿ ಬೆರಳು ಮರಗಟ್ಟಿವೆ.

ಈ ನದಿಯ ಎರಡು ತೊರಕೆಗಳು ನೋಡಲು ತದ್ರೂಪ. ಒಂದರ ಬಾಲದ ಮೇಲೆ ಸಣ್ಣ ಮೊನೆಗಳ ಒಂದೇ ಸಾಲು, ಇನ್ನೊಂದಕ್ಕೆ ಮೂರು. ಮೂರು ಸಾಲಿನದು ಅಪರೂಪ. ಅದು ಬೇರೆ ಜಾತಿ ಎನ್ನಲು ಬಾಲಸಮೇತ ಮೂರು ಮೀನು ತೋರಿಸು ಎಂಬುದು ಕಚೇರಿ ಸಾಹೇಬರ ಹುಕುಂ. ಸಿಕ್ಕಿರುವುದು ಎರಡೇ. ಶುಕ್ರವಾರ ನದಿಯ ಮೀನುಜಾತಿಗಳ ಪಟ್ಟಿ ಮುಗಿಯುತ್ತದೆ. ಅಷ್ಟರಲ್ಲಿ ಸಿಗದಿದ್ದರೆ ಎರಡೂ ಒಂದೇ ಎಂದು ಬರೆದು, ಅಪರೂಪದ್ದಕ್ಕೆ ರಕ್ಷಣೆಯಿಲ್ಲದೆ ಮರಿ ಹಾಕುವ ಕಾಲದಲ್ಲೂ ಬಲೆ ಬೀಸಲು ಬಿಡುತ್ತಾರೆ. ಇವತ್ತು ಗುರುವಾರ.

"ಬಾಲ ಬೇಕಾಗಿರೋದು ನಿಂಗೆ, ಚುಚ್ಚಿಸ್ಕೊಳ್ಳೋರು ನಾವಾ ತಾಯಿ?" ಎನ್ನುತ್ತಾನೆ ಹಿರಿಯ ದೋಣಿಯವ. ಅವನ ಮಾತೂ ಸುಳ್ಳಲ್ಲ. ಬಾಲದ ವಿಷಮುಳ್ಳು ತಾಗಿದರೆ ಜೀವ ಬಾಯಿಗೆ ಬರುತ್ತದೆ, ಅದಕ್ಕೇ ದೋಣಿಯಲ್ಲೇ ಕತ್ತಿ ಬೀಳುತ್ತದೆ. ಮುಳ್ಳಿಗೆ ತೊಡಿಸಲಿ ಎಂದು ಬಾಲದಕ್ಕ ಪೈಪಿನ ತುಂಡು ಹಂಚಿದ್ದಳು. ಆ ಪುಣ್ಯಾತ್ಮರು ಅದನ್ನು ಹುಟ್ಟುಗೋಲಿನ ಹಿಡಿಗೆ ತೊಡಿಸಿಕೊಂಡಿದ್ದಾರೆ!

"ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾಯ್ತು ನನ್ ಕಥೆ," ಎಂದು ಗೊಣಗುತ್ತಾಳೆ. ಮೀನು ಹಿಡಿಯುವ ಸ್ವಂತ ಅಣ್ಣನಿಗೂ ಕೈಮುಗಿದು ಹೇಳಿಯಾಗಿದೆ.

ಎಂಟಕ್ಕೆ ಅಣ್ಣನ ದೋಣಿ ಬರುತ್ತದೆ. ಬುಟ್ಟಿಯ ತಳದಲ್ಲೊಂದು ತೊರಕೆ, ಬಾಲದ ಮುಳ್ಳಿಗೆ ಪೈಪು. ಸದ್ಯ, ಬಾಲ ಉಳಿದಿದೆ ಎಂದು ಆಕೆ ಉಸಿರು ಬಿಡುವಷ್ಟರಲ್ಲಿ, ಕಟ್ಟೆಯಲ್ಲಿ ಮೀನು ಕೊಚ್ಚುವ ಅತ್ತಿಗೆ ಅಭ್ಯಾಸಬಲದಿಂದ ಕತ್ತಿ ಎತ್ತುತ್ತಾಳೆ.

"ಅತ್ತಿಗೇ! ಕೈ ತೆಗೀರಿ!"

ಅತ್ತಿಗೆ ಕತ್ತಿ ಕೆಳಗಿಡುತ್ತಾಳೆ. ಬಾಲದಕ್ಕ ಕುಕ್ಕರಗಾಲಲ್ಲಿ ಕೂತು ಬಾಲವನ್ನು ಹಗುರವಾಗಿ ಸವರುತ್ತಾಳೆ. ಒಂದು ಸಾಲು, ಎರಡು, ಮೂರು. ಸಂಕಟಕ್ಕೋ ಸಂತೋಷಕ್ಕೋ, ಕಣ್ಣು ತುಂಬುತ್ತದೆ.

"ಪಟ್ಟೀಲಿ ನಿನ್ ಹೆಸ್ರೂ ಹಾಕ್ತಾರೇನಮ್ಮ?" ಅಣ್ಣ ಕೇಳುತ್ತಾನೆ.

"ನನ್ ಹೆಸ್ರು ಯಾರಿಗ್ ಬೇಕಣ್ಣ? ಇದಕ್ಕೊಂದು ಸ್ವಂತ ಹೆಸ್ರು ಬಂದ್ರೆ ಸಾಕು."